ಒಂದು ಗೂಟ ಕಡಿಮೆ

"ಕಾಕಾ, ಮಗ್ಗ ನಿಲ್ಲಸ್ರಿ!" ಎನ್ನುತ್ತ ಮಮದಾಪುರದ ನೇಕಾರ ಕೆಂಚಪ್ಪ ಏದುಸಿರು ಬಿಡುತ್ತ ಒಳಗೆ ಬಂದಾಗ, ಕಲ್ಲೋಳಿಯ ದುಂಡಪ್ಪನ ಕೈಯಲ್ಲಿದ್ದ ಲಾಳಿ ಅಲ್ಲೇ ನಿಂತಿತು. ಇವನಿಗೆ ಗೊತ್ತಾಗಿಹೋಯಿತು ಎಂದುಕೊಂಡ. ಹೋದ ವಾರ ಕೆಂಚಪ್ಪ ಸೀರೆಯ ದಡಿಗೆ ಹೊಸ ಹೂವು ಕೇಳಿದ್ದ. ದುಂಡಪ್ಪ ತನ್ನ ಮಗ್ಗದ ಮರದ ಪಟ್ಟಿಗಳನ್ನು ನೋಡಿ, ಹೂವು ಮೂಡುವಂತೆ ನೂಲೆತ್ತುವ ಗೂಟಗಳನ್ನು ಹಾಗೆಯೇ ಬಡಿದು ಬೇರೆ ಪಟ್ಟಿ ಮಾಡಿಕೊಟ್ಟಿದ್ದ. ಕೊಡುವ ಮುಂಚೆ ಅದರಿಂದ ಒಂದು ಗೂಟ ಕಿತ್ತಿದ್ದ, ಸಂತೆಯಲ್ಲಿ ತನ್ನ ಸೀರೆಯೇ ಮೇಲಾಗಲಿ ಎಂದು.

"ನೀವು ಕೊಟ್ಟ ಪಟ್ಟ್ಯಾಗ ಒಂದು ಗೂಟ ಕಮ್ಮಿ ಐತ್ರಿ. ನನ್ನ ಹೂವೆಲ್ಲಾ ಹಲ್ಲುದುರಿದ ಮುದುಕಿ ನಕ್ಕಂಗ ಕಾಣಾಕತ್ತಾವ!" ಎಂದು ಕೆಂಚಪ್ಪ ತಾನೇ ನಕ್ಕ. "ನನ್ನ ಸೀರಿ ಹೋದ್ರ ಹೋಗ್ಲಿ. ನಿಮ್ಮದನ್ನ ನೋಡಿ ಮಾಡಿದ್ದಲ್ರಿ ಅದು? ಇಲ್ಲೂ ಗೂಟ ಬಿದ್ದಿರ್ಬೇಕು. ನಿಮ್ಮ ಸೀರಿ ಕೆಡೂದ್ರೊಳಗ ಹೇಳೂಣಂತ ಓಡಿ ಬಂದ್ನಿ."

ಹೇಳುತ್ತಲೇ ಅವನು ಮಗ್ಗದ ಕೆಳಗೆ ಬಗ್ಗಿ, ಮಣ್ಣಿನ ನೆಲವನ್ನು ಅಂಗೈಯಿಂದ ಸವರಿ ಗೂಟ ಹುಡುಕತೊಡಗಿದ. ದುಂಡಪ್ಪನ ಕೈ ತಾನಾಗಿಯೇ ಕೊರಳ ಲಿಂಗವನ್ನು ಹಿಡಿಯಿತು.

"ಹುಡುಕಬ್ಯಾಡೋ ತಮ್ಮಾ," ಎಂದ. "ಅದು ಬಿದ್ದಿಲ್ಲ. ನಾನ ಕಿತ್ತೀನಿ."

ನೆಲ ಸವರುತ್ತಿದ್ದ ಕೈ ನಿಂತಿತು.