ಮಂದಿಯ ಖರ್ಚು

"ತಿಂಗಳಿಗೆ ಆರುನೂರಾ ಹತ್ತು ಪೌಂಡ್ ಉಳೀತಾವ," ಎಂದು ಶಿವಪ್ರಕಾಶ ಲ್ಯಾಪ್‌ಟಾಪನ್ನು ಹೆಂಡತಿಯ ಕಡೆ ತಿರುಗಿಸಿದ. "ಪೋಲೆಂಡಿಗೆ ಹೋಗೂದ ಛಲೋ."

ಲಂಡನ್ನಿನ ಹೇಸ್‌ನ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಭಾನುವಾರ ಬೆಳಿಗ್ಗೆಯೇ ಗಂಡಹೆಂಡತಿ ಲೆಕ್ಕಕ್ಕೆ ಕೂತಿದ್ದರು. ಕರಾರು ಇನ್ನೊಂದು ವರ್ಷ ಮುಂದುವರಿಸುತ್ತೀರೋ ಇಲ್ಲವೋ ಎಂದು ಮನೆ ಮಾಲೀಕ ಸಂಜೆಯೊಳಗೆ ಉತ್ತರ ಕೇಳಿದ್ದ. ಪೋಲೆಂಡಿನ ತನ್ನೂರು ಲುಬ್ಲಿನ್‌ಗೆ ಮರಳಬೇಕೆಂಬ ಹೆಂಡತಿ ಮಗ್ದಾಳ ಆಸೆ ಎರಡು ವರ್ಷದ್ದು. ಶಿವಪ್ರಕಾಶನಿಗೆ ಅಲ್ಲಿಯ ಕಂಪನಿಯೊಂದರಲ್ಲಿ ಕೆಲಸವೂ ಸಿಕ್ಕಿತ್ತು. ಸಂಬಳ ಮಾತ್ರ ಕಡಿಮೆ. ಅಂಕಿ ಏನು ಹೇಳುತ್ತದೋ ನೋಡೋಣ ಎಂದು ಅವನು ಮೂರು ವಾರ ಕೂತು ನಲವತ್ತೆರಡು ಸಾಲಿನ ಪಟ್ಟಿ ಮಾಡಿದ್ದ. ಎಡಗಡೆ ಲಂಡನ್, ಬಲಗಡೆ ಲುಬ್ಲಿನ್. ಬಾಡಿಗೆ, ಚಳಿಗಾಲದ ಹೀಟಿಂಗು, ಮಗಳ ಸ್ಕೂಲಿನ ಊಟ, ಬಸ್ ಪಾಸು, ಹಲ್ಲಿನ ಡಾಕ್ಟರು, ಒಂದನ್ನೂ ಬಿಟ್ಟಿರಲಿಲ್ಲ. ಕೊನೆಯ ಚೌಕದಲ್ಲಿ 610 ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು.

ಮಗ್ದಾ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಗೆದ್ದವಳು ಸುಮ್ಮನಿರಬಹುದಿತ್ತು. ಆದರೆ ಅವಳಪ್ಪ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. ತಪ್ಪು ಕಂಡರೂ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಆ ಮನೆತನದಲ್ಲೇ ಇರಲಿಲ್ಲ.

"ಇದರಾಗ ಮಂದಿ ಎಲ್ಲಿ?" ಎಂದಳು. ಅವಳ ಕನ್ನಡ ವಿಡಿಯೋ ಕಾಲಿನಲ್ಲಿ ಅತ್ತೆಯಿಂದ ಕಲಿತದ್ದು. ಹಾಗಾಗಿ ಅಪ್ಪಟ ಧಾರವಾಡದ್ದು.

"ಯಾವ ಮಂದಿ?"

"ನಮ್ಮ ಮಂದಿ. ಅಲ್ಲಿ ಎಲ್ಲಾರಿಗೂ ಅವರವರ ಹೆಸರಿನ ದಿನ ಅಂತ ಒಂದು ಹಬ್ಬ ಇರತೈತಿ. ಹುಟ್ಟಿದ ದಿನ ಬ್ಯಾರೆ. ಹೂವು, ಕೇಕು ಒಯ್ಯಬೇಕು."

"ಎಷ್ಟ ಜನ?"

ಮಗ್ದಾ ಬೆರಳು ಮಡಚುತ್ತಾ ಹೋದಳು. ಎರಡೂ ಕೈ ಮೂರು ಸುತ್ತು ಮುಗಿದವು. "ಹತ್ತಿರದವರು ಅಂದ್ರ ಮೂವತ್ತೊಂದು."

ಶಿವಪ್ರಕಾಶ ನಲವತ್ತಮೂರನೆಯ ಸಾಲು ಸೇರಿಸಿದ. ಅಷ್ಟರಲ್ಲಿ, ಮೂರು ತಿಂಗಳಿಗೆಂದು ಧಾರವಾಡದಿಂದ ಬಂದಿದ್ದ ಅವನ ತಾಯಿ ಪಾರ್ವತೆವ್ವ, ಜೋಳದ ರೊಟ್ಟಿ ಬೇಯಿಸುತ್ತಿದ್ದವಳು, ಗ್ಯಾಸ್ ಆರಿಸಿ ಕುರ್ಚಿ ಎಳೆದುಕೊಂಡಳು.

"ಮದುವಿಗೆ ಏನ ಕೊಡ್ತೀರಿ ಮಗ್ದವ್ವ, ನಿಮ್ಮ ಕಡೆ?"

"ಲಕೋಟಿಯೊಳಗ ರೊಕ್ಕ, ಅತ್ತಿ. ನಮ್ಮ ಊಟದ ತಾಟಿಗೆ ಅವರಿಗೆ ಎಷ್ಟು ಬಿದ್ದಿರತೈತೋ ಅದಕ್ಕಿಂತ ಕಡಿಮಿ ಇರಬಾರದು."

"ಕಡಿಮಿ ಹೆಂಗ ಕೊಡಾಕ ಬರತೈತಿ? ಈ ವರ್ಷ ಎಷ್ಟ ಮದುವಿ ಅದಾವ?"

"ನಾಕು. ಒಂದೊಂದು ಎರಡೆರಡು ದಿನ."

"ಬರಿ ಶಿವಾ," ಎಂದಳು ಪಾರ್ವತೆವ್ವ.

ಆಮೇಲೆ ಶಿವಪ್ರಕಾಶನ ಕೆಲಸ ಟೈಪು ಮಾಡುವುದಷ್ಟೇ ಆಯಿತು. ಮಗ್ದಾ ಮೂರು ಮಕ್ಕಳಿಗೆ ಚರ್ಚಿನಲ್ಲಿ ಧರ್ಮತಾಯಿ. ಅವರಲ್ಲೊಬ್ಬನಿಗೆ ಮೇ ತಿಂಗಳ ಚರ್ಚಿನ ದೀಕ್ಷೆಗೆ ಸೈಕಲ್ ಕೊಡಿಸಬೇಕು. ನವೆಂಬರ್ ಒಂದರ ಹಿರಿಯರ ದಿನಕ್ಕೆ ಹನ್ನೊಂದು ಸಮಾಧಿಗಳಿಗೆ ಸೇವಂತಿಗೆ ಮತ್ತು ದೀಪ. ಸಣ್ಣ ದೀಪ ಸಾಕಲ್ಲವೇ ಎಂದು ಶಿವಪ್ರಕಾಶ ಕೇಳಿದ್ದಕ್ಕೆ, "ಹಿರಿಯಾರಿಗೆ ಕಂಜೂಸಿ ಮಾಡ್ತಿ?" ಎಂದು ಅವನ ತಾಯಿಯೇ ಗದರಿದಳು. ಅಲ್ಲಿಗೆ ಹೋದರೆ ಮಗ್ದಾಳ ಚಿಕ್ಕಮ್ಮ ಹಲೀನಾ ತಿಂಗಳಿಗೊಮ್ಮೆ ಸೌತೆಕಾಯಿ ಉಪ್ಪಿನಕಾಯಿ ಕಳಿಸುತ್ತಾಳೆ. ಆ ಬಾಟಲಿಯನ್ನು ಬರಿದಾಗಿ ತಿರುಗಿ ಕೊಡುವಂತಿಲ್ಲ.

"ಬಾಟಲಿ ವಾಪಸ್ ಕೊಡಾಕೂ ಖರ್ಚ ಐತೇನು?" ಎಂದ ಶಿವಪ್ರಕಾಶ.

ಅತ್ತೆಸೊಸೆ ಇಬ್ಬರೂ ಅವನನ್ನು ಒಂದೇ ರೀತಿ ನೋಡಿದರು. ಅವನು ಟೈಪು ಮಾಡಿದ.

ಕೊನೆಯ ಚೌಕ ಹಸಿರಿನಿಂದ ಹಳದಿಗೆ, ಸೈಕಲ್ಲಿನ ಹೊತ್ತಿಗೆ ಕೆಂಪಿಗೆ ತಿರುಗಿತು.

"ಮೈನಸ್ ನಲವತ್ತು," ಎಂದ.

ತಾನು ಏನು ಮಾಡಿಕೊಂಡೆ ಎಂದು ಮಗ್ದಾಳಿಗೆ ಹೊಳೆದದ್ದೇ ಆಗ. ಎದ್ದು ಹೋಗಿ ಸಿಂಕಿನಲ್ಲಿದ್ದ ಕಪ್ಪನ್ನು ತೊಳೆದಳು. ತೊಳೆದ ಕಪ್ಪನ್ನೇ ಮತ್ತೆ ತೊಳೆದಳು. "ಹಂಗಾರ ಬ್ಯಾಡ," ಎಂದಳು, ಈ ಕಡೆ ತಿರುಗದೆ. "ಇಲ್ಲೇ ಇರೋಣು. ಇಲ್ಲಿ ಸೋವಿ."

ಲಂಡನ್ ಸೋವಿ, ಅಗ್ಗ ಎಂದು ಒಬ್ಬರಾದರೂ ಹೇಳಿದ್ದನ್ನು ಶಿವಪ್ರಕಾಶ ಈ ಹದಿನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ.

ಪಾರ್ವತೆವ್ವ ಕನ್ನಡಕ ಏರಿಸಿಕೊಂಡು ಪರದೆಯ ಎಡಗಡೆ, ಲಂಡನ್ನಿನ ಕಡೆ, ಬೆರಳಿಟ್ಟಳು. "ಇಲ್ಲಿ ಯಾಕ ಖಾಲಿ ಬಿಟ್ಟಿ? ಇಲ್ಲಿ ಮಂದಿದೂ ಬರಿ."

ಶಿವಪ್ರಕಾಶ ಯೋಚಿಸಿದ. ದೀಪಾವಳಿಗೆ ಬಾಡಿಗೆ ಹಾಲ್‌ನಲ್ಲಿ ಕನ್ನಡದವರು ಸೇರುತ್ತಿದ್ದರು, ಆದರೆ ಅದರ ಟಿಕೆಟು ಮನರಂಜನೆಯ ಸಾಲಿನಲ್ಲಿ ಆಗಲೇ ಬಂದಿತ್ತು. ಪಕ್ಕದ ಮನೆಯವರು ಇವರ ಪಾರ್ಸಲ್ ತೆಗೆದಿಟ್ಟುಕೊಂಡು ಕೈ ಬೀಸುತ್ತಿದ್ದರು. ಅದಕ್ಕೆ ಖರ್ಚಿಲ್ಲ. ಬಹಳ ಹೊತ್ತಿನ ಮೇಲೆ ಒಂದು ನೆನಪಾಯಿತು.

"ಆಫೀಸಿನಾಗ ಒಬ್ಬ ಕೆಲಸ ಬಿಟ್ಟು ಹೋದ. ರೊಕ್ಕ ಕೂಡಸಾಕ ಕವರ್ ತಂದಿದ್ರು. ಐದು ಪೌಂಡ್ ಹಾಕಿದ್ದೆ."

"ತಿಂಗಳಿಗೇನು?"

"ಇಲ್ಲವ್ವಾ. ಹೋದ ವರ್ಷ. ಒಂದ ಸಲ."

ಪಾರ್ವತೆವ್ವ ಎದ್ದು ಗ್ಯಾಸ್ ಹಚ್ಚಿ ತಿರುಗಿ ರೊಟ್ಟಿ ತಟ್ಟತೊಡಗಿದಳು. ಶಿವಪ್ರಕಾಶ 5 ಎಂದು ಒತ್ತಿದ. ಪಟ್ಟಿ ಅದನ್ನು ತಾನಾಗಿಯೇ ಹನ್ನೆರಡರಿಂದ ಭಾಗಿಸಿ 0.42 ಎಂದು ತೋರಿಸಿತು.

ಅವನು ಅದನ್ನೇ ನೋಡುತ್ತಾ ಕೂತ. ಆಮೇಲೆ ಮೇಲ್ ತೆರೆದು, ಕರಾರು ಮುಗಿದ ಕೂಡಲೇ ಮನೆ ಖಾಲಿ ಮಾಡುತ್ತೇವೆ ಎಂದು ಮಾಲೀಕನಿಗೆ ಎರಡು ಸಾಲು ಬರೆದು ಕಳಿಸಿದ.

ಮಗ್ದಾ ಒದ್ದೆ ಕೈಯಲ್ಲೇ ಬಂದು ಹೆಗಲ ಮೇಲಿಂದ ಓದಿದಳು. "ನಲವತ್ತು ಎಲ್ಲಿಂದ ತರ್ತಿ?"

"ಜಿಮ್ ಹಚ್ಚಬೇಕಂತ ಬರದಿದ್ದೆ. ಅಳಸ್ತೀನಿ. ಇಲ್ಲೇ ಹೋಗಾಂಗಿಲ್ಲ, ಅಲ್ಲಿ ಹೋಗ್ತೀನೇನು?"

ಅವಳ ಕೈಯ ನೀರು ಅವನ ಅಂಗಿಯ ಹೆಗಲಿಗೆ ಇಳಿಯಿತು. ಅವನು ಸರಿಯಲಿಲ್ಲ.

ಪಟ್ಟಿ ಮುಚ್ಚುವ ಮುನ್ನ, ಎಲ್ಲ ಸಾಲಿಗೂ ವಿವರ ಇದೆಯಲ್ಲ, ಇದಕ್ಕೂ ಇರಲಿ ಎಂದು ಆ ಐದು ಪೌಂಡಿನ ಮುಂದೆ ಕೆಲಸ ಬಿಟ್ಟವನ ಹೆಸರು ಬರೆಯಲು ಹೋದ. ಎದುರಿನ ಮೇಜಿನಲ್ಲೇ ಮೂರು ವರ್ಷ ಕೂತಿದ್ದವನು. ಮುಖ ನೆನಪಾಯಿತು, ನೀಲಿ ಮಫ್ಲರ್ ನೆನಪಾಯಿತು. ಎಷ್ಟು ಹೊತ್ತು ಕೂತರೂ ಹೆಸರು ಮಾತ್ರ ನೆನಪಾಗಲಿಲ್ಲ.