ಹೋಗಿ ಬರ್ತೇನೆ

ಊರು ಬಿಡುವವರ ವಿದಾಯದ ಮಾತು ಪರೀಕ್ಷಿಸುವ ವಿಶ್ವ ವಲಸೆ ಮಂಡಳಿಯ ಯಂತ್ರದಲ್ಲಿ ಎರಡನೇ ಸಲವೂ ಕೆಂಪು ದೀಪವೇ ಹೊತ್ತಿತು.

“ಎಂತ ಹೇಳಿದ್ರಿ ಮುಕ್ತಕ್ಕ?” ದುಭಾಷಿ ಇಕ್ಬಾಲ್ ಕೇಳಿದ.

“ಎಂತ ಹೇಳುದು? ಅಮ್ಮನಿಗೆ ಹೋಗಿ ಬರ್ತೇನೆ ಅಂದೆ.”

“ಅದೇ ತಪ್ಪಾದದ್ದು. ಬರ್ತೇನೆ ಅಂದ್ರೆ ನೀವು ವಾಪಸು ಬರುವವರು ಅಂತ ಯಂತ್ರ ತಿಳ್ಕೊಳ್ತದೆ. ಅಂಥವರಿಗೆ ಹಡಗಿನಲ್ಲಿ ಜಾಗ ಇಲ್ಲ. ಬರೇ ಹೋಗ್ತೇನೆ ಅನ್ನಿ.”

“ಹೆತ್ತವಳ ಎದುರು ಹಾಗೆ ಹೇಳ್ತಾರಾ? ಅದು ಸಾಯುವವರ ಮಾತು.”

ಕಡಲು ಏರಿ ಅವರ ಊರು ಗಂಗೊಳ್ಳಿಯಲ್ಲಿ ಈಗ ಮನೆಗಳ ಮಾಡಿನ ಮೇಲೆಯೇ ದೋಣಿಗಳು ಓಡುತ್ತಿದ್ದವು. ಮುದುಕರನ್ನು ಯಾವ ದೇಶವೂ ಒಪ್ಪದ್ದರಿಂದ ಅಮ್ಮ ಪದ್ದು ಗಾಜಿನ ಆಚೆ, ಉಳಿಯುವವರ ಬೆಂಚಿನಲ್ಲಿ ಕೂತಿದ್ದಳು. ಇನ್ನೊಂದು ಸಲ ಕೆಂಪಾದರೆ ಮುಕ್ತಾಳ ಜಾಗವೂ ಅಲ್ಲಿಯೇ.

ಮುಕ್ತಾ ಗಾಜಿನ ಕಡೆ ತಿರುಗಿದಳು.

ಪದ್ದು ಎದ್ದು ಗಾಜಿನ ಹತ್ತಿರ ಬಂದಳು. ಶಾಲೆಗೆ ಹೊರಟ ಮಗಳು ‘ಹೋಗ್ತೇನೆ’ ಅಂದಾಗಲೆಲ್ಲ ಬೈದು, ಹೊಸ್ತಿಲಿನಿಂದ ವಾಪಸು ಕರೆದು ತಿದ್ದಿದವಳು ಅವಳೇ.

“ಹೋಗ್ತೇನೆ ಅನ್ನು ಮಗಾ,” ಅಂದಳು.

“ಹೋಗ್ತೇನೆ ಅಮ್ಮ.”

ಹಸಿರು ದೀಪ ಹೊತ್ತಿತು. ‘ಹೋಗಿ ಬಾ’ ಅನ್ನಲು ತಾನಾಗಿಯೇ ತೆರೆದ ಬಾಯಿಗೆ ಪದ್ದು ಸೆರಗು ತುರುಕಿಕೊಂಡಳು. ಮಗಳ ಹಿಂದೆ ಬಾಗಿಲು ಮುಚ್ಚುವವರೆಗೂ ತೆಗೆಯಲಿಲ್ಲ.