ತಳದ ಬಣ್ಣ

"ಲಿಗಾಯಾ, ನಿನ್ನ ಚಿತ್ರಕ್ಕಿಂತ ಶವಪೆಟ್ಟಿಗೇಲೇ ನಿಮ್ಮಪ್ಪನ ಮುಖಕ್ಕೆ ಜೀವಕಳೆ ಇದೆ ಕಣೇ," ಎಂದಳು ಪಕ್ಕದ ಮನೆಯ ಚಾಯೊಂಗ್ ಅತ್ತೆ, ಹೆಣ ಕಾಯುವ ರಾತ್ರಿಯ ವಾಡಿಕೆಯಂತೆ ಆಡುತ್ತಿದ್ದ ಇಸ್ಪೀಟಿನ ಎಲೆಗಳನ್ನು ಕೈಯಲ್ಲೇ ಹಿಡಿದು ಎದ್ದುಬಂದು.

ನಿಜವೇ. ಹೆಣ ಸಿಂಗರಿಸಲು ಮನಿಲಾದಿಂದ ಬಂದಿದ್ದವರು ಅಪ್ಪನ ಕೆನ್ನೆಗೆ ಗುಲಾಬಿ ಬಣ್ಣ ಬಳಿದಿದ್ದರು. ಪಕ್ಕದಲ್ಲಿ ನಿಲ್ಲಿಸಿದ್ದ ಲಿಗಾಯಾಳ ಮೊದಲ ತೈಲಚಿತ್ರದಲ್ಲಿ ಅಪ್ಪನ ಮುಖ ಬರೀ ಹಸಿರುಬೂದಿ.

ಹಾಸಿಗೆ ಹಿಡಿದಿದ್ದಾಗ ಅಪ್ಪ ಅದನ್ನು ನೋಡಿ ನಕ್ಕಿದ್ದ. "ಈಗ್ಲೇ ಹೆಣ ಮಾಡಿಬಿಟ್ಯಲ್ಲೇ!"

"ಇದು ತಳದ ಬಣ್ಣ ಅಪ್ಪಾ. ಒಣಗಿದ್ಮೇಲೆ ಮೈಬಣ್ಣ ಹಚ್ತೀನಿ. ಎಣ್ಣೆ ಬಣ್ಣಕ್ಕೆ ಅವಸರ ಮಾಡಬಾರ್ದಂತೆ."

"ಸರಿ, ಕಾಯ್ತೀನಿ."

ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತಿದ್ದಳು. ದಿನಾ ಬೆರಳಿಗೆ ಬಣ್ಣ ಅಂಟುತ್ತಿತ್ತು.

ಈಗ ಚಿತ್ರದ ಕೆನ್ನೆಯನ್ನು ಮೆಲ್ಲಗೆ ಮುಟ್ಟಿದಳು. ಒಣಗಿತ್ತು.